ಕಪ್ಪು ಕಿಟಕಿಯೂ ನನ್ನ ಶ್ರುತಿಯೂ

ಪುಕ್ಕಲರ ಬದುಕಿನಲ್ಲಿ ಒಂದು ಹೆದರಿಕೆ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಹೊತ್ತಿಗೆ ಇನ್ನೊಂದು ಬಂದು ಕಾಲಿಂಗ್ ಬೆಲ್ ಒತ್ತುತ್ತದೆ. ಬೇರೆಯವರು ಹಾವಿಗೆ, ಕಳ್ಳರಿಗೆ, ಗುಡುಗಿಗೆ ಹೆದರುತ್ತಾರೆ. ನಾನು ಅವುಗಳ ಜೊತೆಗೆ ಒಂದು ಸಾಫ್ಟ್‌ವೇರಿಗೂ ಹೆದರಿದವಳು. ಅದರ ಕೆಲಸ ಇಷ್ಟೇ: ಹಾಡಿದ್ದನ್ನು ರೆಕಾರ್ಡ್ ಮಾಡಿ ಕೊಟ್ಟರೆ, ಯಾವ ಕ್ಷಣದಲ್ಲಿ ಯಾವ ಶ್ರುತಿಯಲ್ಲಿ ಹಾಡಿದ್ದಾರೆ ಎಂದು ಅಂಕಿಯಲ್ಲಿ ಹೇಳುವುದು.

ನಾನು ಮೈಸೂರಿನವಳು, ಸಂಗೀತದ ಮೇಡಂ. ನಮ್ಮವರು ಕೇಂದ್ರ ಸರ್ಕಾರದ ಇಂಜಿನಿಯರು. ಅವರ ವರ್ಗಾವಣೆಯ ಹಿಂದೆ ನನ್ನ ತಂಬೂರಿಯೂ ಸೂರತ್, ವಡೋದರಾ, ಅಹಮದಾಬಾದ್ ಎಂದು ಊರು ಸುತ್ತಿದೆ. ಪ್ರತಿ ಊರಿನಲ್ಲೂ ಒಂದಷ್ಟು ಶಿಷ್ಯರು ಸಿಗುತ್ತಾರೆ, ವರ್ಗವಾದ ಮೇಲೆ ಅವರೆಲ್ಲ ಅಭ್ಯಾಸವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ದಿನವೆಲ್ಲ ಅದೇ ಸರಳೆವರಸೆ ಕೇಳಿ ಕೇಳಿ ನನಗೆ ತಲೆ ತಿರುಗುವುದನ್ನು ನೋಡಿ ನಮ್ಮವರು ಈ ಸಾಫ್ಟ್‌ವೇರ್ ಹಾಕಿಕೊಟ್ಟರು. ನಾನು ಮತ್ತು ಅದು ಜೊತೆಯಾಗಿ ಬಾಳಿದ ಕಥೆಗಳಲ್ಲಿ ಕೆಲವು ಇಲ್ಲಿವೆ.

ಎಂಟರ್ ಒತ್ತುವ ಮೊದಲು

ಆಗ ನಾವು ಸೂರತ್ತಿನ ಅಡಾಜಣ್‌ನಲ್ಲಿದ್ದೆವು. ನಮ್ಮವರು ಹಳೆಯ ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟರು. ಪರದೆಯ ಮೇಲೆ ಒಂದು ಕಪ್ಪು ಕಿಟಕಿ. ಅದರಲ್ಲಿ ಒಂದು ಬಿಳಿ ಚುಕ್ಕೆ ಮಾತ್ರ ಮಿಟುಕುತ್ತ ಕೂತಿತ್ತು. ಗುಂಡಿ ಇಲ್ಲ, ಚಿತ್ರ ಇಲ್ಲ.

"ಎಲ್ಲಿ ಒತ್ತಬೇಕು ರೀ?"

"ಎಲ್ಲೂ ಒತ್ತೋದಲ್ಲ. ಆಜ್ಞೆ ಟೈಪ್ ಮಾಡಬೇಕು. ನೀನು ಹೇಳಿದ್ದನ್ನ ಅದು ಮಾಡತ್ತೆ."

ಈ ಮನೆಯಲ್ಲಿ ನಾನು ಹೇಳಿದ್ದನ್ನು ಮಾಡುವವರು ಒಬ್ಬರು ಬಂದರಲ್ಲ ಎಂದು ಒಂದು ಗಳಿಗೆ ಸಂತೋಷಪಟ್ಟೆ. ಅಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. "ಆದರೆ ಹುಷಾರು. ಅಳಿಸು ಅಂದರೆ ಅಳಿಸಿಬಿಡತ್ತೆ. ಖಂಡಿತವಾಗಿಯೂ ಅಳಿಸಲಾ ಅಂತ ಕೇಳಲ್ಲ."

ಹಾಗೆ ಹೇಳಿ ಅವರು ಆಫೀಸಿಗೆ ಹೋದರು. ನಾನು ಬೆವರುತ್ತ ಕೂತೆ. ಒಂದು ಅಕ್ಷರ ತಪ್ಪಿದರೆ ಏನೇನು ಅಳಿಸಿಹೋಗಬಹುದು? ಶಿಷ್ಯರ ಹಾಡು? ನಮ್ಮವರ ಆಫೀಸಿನ ಕಡತ? ಅಡಾಜಣ್‌ನ ಕರೆಂಟು? ಕೊನೆಗೆ ಒಂದು ಪದ್ಧತಿ ಮಾಡಿಕೊಂಡೆ. ಆಜ್ಞೆ ಟೈಪ್ ಮಾಡುವುದು, ಎದ್ದು ಹೋಗಿ ಗ್ಯಾಸ್ ಆಫ್ ಮಾಡುವುದು, ಮುಂಬಾಗಿಲು ತೆರೆದಿಡುವುದು, ದೇವರಿಗೆ ಕೈಮುಗಿಯುವುದು, ಆಮೇಲೆ ದೂರದಿಂದ ಒಂದೇ ಬೆರಳು ಚಾಚಿ ಎಂಟರ್ ಒತ್ತುವುದು.

ಒತ್ತಿದ ಕೂಡಲೇ ಅಂಕಿಗಳು ಸರಸರನೆ ಮೇಲಕ್ಕೆ ಓಡಲು ಶುರುವಾದವು. ಎಡಗಡೆ ಸಮಯ, ಬಲಗಡೆ ಶ್ರುತಿ, ಅಂದರೆ ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ; ದನಿ ಏರಿದಷ್ಟೂ ಅಂಕಿ ದೊಡ್ಡದು. ನಾನು ಕೈಮುಗಿದುಕೊಂಡೇ ನೋಡುತ್ತಿದ್ದೆ. ಹಾಗೆ ನೋಡುತ್ತಿರುವಾಗಲೇ, ಬಾಗಿಲು ತೆರೆದಿದ್ದರಿಂದ, ಪಕ್ಕದ ಮನೆಯ ಗುಜರಾತಿ ಮಾಸಿ ಒಂದು ಬಟ್ಟಲಲ್ಲಿ ಢೋಕ್ಲಾದಂಥ ಖಮಣ್ ಹಿಡಿದುಕೊಂಡು ಒಳಗೆ ಬಂದರು. ಕಪ್ಪು ಪರದೆ, ಓಡುವ ಅಂಕಿ, ಕೈಮುಗಿದು ಬೆವರುತ್ತಿರುವ ನಾನು. ಬಟ್ಟಲನ್ನು ಅಲ್ಲೇ ಚಪ್ಪಲಿ ಗೂಡಿನ ಮೇಲಿಟ್ಟು, ಹಿಂದೆ ಹಿಂದೆ ನಡೆದು ಹೊರಟುಹೋದರು.

ಮಧ್ಯಾಹ್ನ ಸೊಸೈಟಿಯ ಸೆಕ್ರೆಟರಿ ಬಂದರು. ದಪ್ಪ ಮೀಸೆಯ ಮನುಷ್ಯ. ಗಂಭೀರವಾಗಿ ಕುಳಿತು, ನಾವು ಅಕ್ಕ ಎನ್ನುವ ಹಾಗೆ, "ಬೆನ್, ನೀವು ಕಂಪ್ಯೂಟರಿನಲ್ಲಿ ಏನೋ ಮಾಡ್ತೀರಂತೆ. ಬೇರೆಯವರ ಕಂಪ್ಯೂಟರೊಳಗೆ ನುಗ್ಗೋದು, ಆ ಥರ" ಎಂದರು.

ಪೊಲೀಸರು ಕೆಳಗೆ ಕಾಯುತ್ತಿದ್ದಾರೆಂದೇ ಎಣಿಸಿದೆ. "ಸಂಗೀತ, ಸಂಗೀತ ಅಷ್ಟೇ" ಎಂದು ತೊದಲಿದೆ.

ಅವರು ಹಿಂದೆ ಮುಂದೆ ನೋಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿದರು. "ನನಗೂ ಹೆದರಿಕೆ ಇದೆ ಬೆನ್, ಯಾರಿಗೂ ಹೇಳಲ್ಲ. ನನ್ನ ಹೆಂಡತಿ ಫೋನಿನ ಪಾಸ್‌ವರ್ಡ್ ಒಂದು ಹುಡುಕಿಕೊಡ್ತೀರಾ?"

ಖಾಲಿ ಕೋಣೆಯ ರಾಗ

ವಡೋದರಾಗೆ ಬಂದಾಗ ನಮಗೆ ಸಿಕ್ಕಿದ್ದು ಹಳೆಯ ಮನೆಯೊಂದರ ಕೆಳಗಿನ ಭಾಗ. ಗೋಡೆಗಳು ದಪ್ಪ, ಕಿಟಕಿಗಳು ಸಣ್ಣವು. ಮನೆಗೆಲಸಕ್ಕೆ ಬಂದ ಹೆಂಗಸು ಮೊದಲನೇ ದಿನವೇ ಪೊರಕೆ ಹಿಡಿದುಕೊಂಡು, "ನಿಮಗಿಂತ ಮೊದಲು ಇಲ್ಲಿ ಸಂಗೀತದ ಉಸ್ತಾದರು ಒಬ್ಬರಿದ್ದರು. ಈ ಕೋಣೆಯಲ್ಲೇ ಹೋದರು" ಎಂದಳು. ಹೋದರು ಎಂದರೆ ಎಲ್ಲಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಾನು ಆ ಕೋಣೆಯಲ್ಲೇ ರೆಕಾರ್ಡ್ ಮಾಡಬೇಕಿತ್ತು. ಹಾಡುವ ಮೊದಲು ಖಾಲಿ ಕೋಣೆಯನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ ನೋಡು, ಸೊನ್ನೆ ಬಂದರೆ ಗಲಾಟೆ ಇಲ್ಲ ಎಂದರ್ಥ ಎಂದು ನಮ್ಮವರು ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ. ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಉಸಿರು ಬಿಗಿಹಿಡಿದು ಕೂತೆ. ಆಮೇಲೆ ಆ ಫೈಲನ್ನು ಕಪ್ಪು ಕಿಟಕಿಗೆ ಕೊಟ್ಟೆ.

ಸೊನ್ನೆ ಬರಲಿಲ್ಲ. ನೂರು ಎಂದು ಬಂತು. ಮತ್ತೆ ನೂರು. ಕೊನೆಯವರೆಗೂ ನೂರು, ನೂರು, ನೂರು. ಯಾರೋ ಗಂಡಸು ಮಂದ್ರದಲ್ಲಿ ಒಂದೇ ಸ್ವರ ಹಿಡಿದು ನಿಂತ ಹಾಗೆ.

ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ. ಬೆನ್ನ ಹಿಂದೆ ಯಾರೋ ಕೂತಿದ್ದಾರೆ ಅನ್ನಿಸಿ ಕತ್ತು ತಿರುಗಿಸಲಿಕ್ಕೂ ಭಯವಾಯಿತು. ಕೂತ ಭಂಗಿಯಲ್ಲೇ ಜಾರಿಕೊಂಡು ಬಾಗಿಲ ತನಕ ಹೋಗಿ, ಅಂಗಳಕ್ಕೆ ಬಂದು ನಮ್ಮವರಿಗೆ ಫೋನ್ ಮಾಡಿದೆ. "ಬೇಗ ಬನ್ನಿ. ಒಳಗೆ ಉಸ್ತಾದರು ಹಾಡ್ತಾ ಇದಾರೆ."

"ಯಾವ ಉಸ್ತಾದರು?"

"ತೀರಿಹೋದವರು."

ಅವರು ಬರುವ ತನಕ ನಾನು ಬಿಸಿಲಲ್ಲೇ ತುಳಸಿ ಕುಂಡದ ಪಕ್ಕ ನಿಂತಿದ್ದೆ. ಅವರು ಬಂದು ಅಂಕಿಗಳನ್ನು ನೋಡಿದರು. ನಕ್ಕಿದ್ದರೆ ಸಿಟ್ಟು ಬರುತ್ತಿತ್ತು, ನಗಲಿಲ್ಲ. ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಸ್ಟೆಬಿಲೈಜರ್ ಆಫ್ ಮಾಡಿ, ಮತ್ತೊಮ್ಮೆ ರೆಕಾರ್ಡ್ ಮಾಡಿದರು. ಸೊನ್ನೆ ಬಂತು. ಆನ್ ಮಾಡಿದರು. ನೂರು ಬಂತು. "ಕರೆಂಟಿನ ಗುಂಯ್ ಸದ್ದು ಕಣೆ. ನಮ್ಮ ದೇಶದಲ್ಲಿ ಎಲ್ಲ ಕಡೆ ಇದೇ ಶ್ರುತಿ. ನಮ್ಮ ಕಿವಿ ಅದನ್ನ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ, ಇದು ಇಟ್ಟುಕೊಳ್ಳತ್ತೆ."

ಭಯ ಇಳಿದ ಮೇಲೆ ನನಗೆ ಸ್ವಲ್ಪ ಬೇಸರವೇ ಆಯಿತು. ಅಷ್ಟು ಹೊತ್ತು ಒಂದಿಷ್ಟೂ ಅಲುಗದೆ ಶ್ರುತಿಯಲ್ಲಿ ನಿಂತವರು ನನ್ನ ಶಿಷ್ಯರಲ್ಲಿ ಯಾರೂ ಇರಲಿಲ್ಲ.

ಫೇಟಲ್

ಸೂರತ್ತಿನ ಒಬ್ಬ ಹುಡುಗಿ ಪ್ರತಿ ವಾರ ಹಾಡು ಕಳಿಸುತ್ತಿದ್ದಳು. ಮನೆಯಲ್ಲಿ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಗುಜರಾತಿ. ಒಂದು ದಿನ ಅವಳ ಫೈಲು ಕೊಟ್ಟು ಎಂಟರ್ ಒತ್ತಿದರೆ ಕಪ್ಪು ಕಿಟಕಿಯಲ್ಲಿ ಅವಳ ಹೆಸರು, ಅದರ ಮುಂದೆ ಇಂಗ್ಲಿಷಿನಲ್ಲಿ 'ಫೇಟಲ್' ಎಂದು ಬಂತು.

ಫೇಟಲ್ ಎಂದರೆ ಪ್ರಾಣಕ್ಕೆ ಅಪಾಯ ಎಂದಲ್ಲವೇ. ಕೂಡಲೇ ಅವಳ ತಾಯಿಗೆ ಫೋನ್ ಮಾಡಿದೆ.

"ಮಗು ಹುಷಾರಾಗಿದಾಳಾ?"

"ಇದಾಳೆ ಮೇಡಂ, ಊಟ ಮಾಡ್ತಿದಾಳೆ. ಯಾಕೆ?"

"ಏನಿಲ್ಲ. ಸುಮ್ಮನೆ. ಸ್ವಲ್ಪ ನೋಡಿಕೊಳ್ಳಿ."

ನಾನು ಹಾಗೆ ಅಂದದ್ದೇ ತಪ್ಪಾಯಿತು. ಆ ತಾಯಿ ನನಗಿಂತ ಹೆದರಿ ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕೂರಿಸಿಕೊಂಡರು. ಸಂಜೆ ನಮ್ಮವರು ಬಂದು ನೋಡಿ, ಹುಡುಗಿ ಏನೂ ಹಾಡದೆ ಖಾಲಿ ಫೈಲು ಕಳಿಸಿದ್ದಾಳೆ, ಅದನ್ನು ತೆರೆಯಲಾಗಲಿಲ್ಲ ಎಂದು ಸಾಫ್ಟ್‌ವೇರ್ ಹೇಳುತ್ತಿದೆ ಅಷ್ಟೇ ಎಂದರು. ತಾಯಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಹುಡುಗಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು ಎಂದು ಕಾಣುತ್ತದೆ. ಅಲ್ಲಿಂದ ಮುಂದೆ ಗಣಿತದ ಪರೀಕ್ಷೆಯ ಹಿಂದಿನ ದಿನ ತಪ್ಪದೆ ನನಗೆ ಅವಳಿಂದ ಖಾಲಿ ಫೈಲು ಬರುತ್ತಿತ್ತು.

ನೂರಕ್ಕೆ ಎಷ್ಟು

ವಡೋದರಾದಲ್ಲೇ ನಮ್ಮವರ ಮೇಲಧಿಕಾರಿ ಒಂದು ಭಾನುವಾರ ಹೆಂಡತಿಯೊಡನೆ ನಮ್ಮ ಮನೆಗೆ ಊಟಕ್ಕೆ ಬಂದರು. ದೆಹಲಿ ಕಡೆಯವರು. ಸಾಹೇಬರಿಗೆ ಸಿಟ್ಟು ಬಂದರೆ ಕಚ್ಛಿನ ಉಪ್ಪಿನ ಬಯಲಿಗೆ ವರ್ಗ ಮಾಡಿಬಿಡುತ್ತಾರೆ ಎಂದು ಆಫೀಸಿನಲ್ಲಿ ಮಾತಿತ್ತು. ನಾನು ಬೆಳಗಿನಿಂದ ಬಿಸಿಬೇಳೆ ಬಾತಿನ ಉಪ್ಪನ್ನು ಎಷ್ಟು ಸಲ ನೋಡಿದೆನೋ.

ಊಟವಾದ ಮೇಲೆ ಸಾಹೇಬರ ಹೆಂಡತಿ, ಅಂದರೆ ಮೇಡಂ, ತಾವೂ ಭಜನೆ ಹಾಡುವುದುಂಟು ಎಂದರು. ನಮ್ಮವರಿಗೆ ಉತ್ಸಾಹ ಬಂತು. "ನಮ್ಮ ಮನೆಯಲ್ಲಿ ಒಂದು ಸಾಫ್ಟ್‌ವೇರ್ ಇದೆ. ನೀವು ಹಾಡಿ, ಅದು ಹೇಳತ್ತೆ." ನಾನು ಸೀರೆ ಸೆರಗಿನಿಂದ, ಕಣ್ಣಿನಿಂದ, ಕೊನೆಗೆ ಕಾಲಿನಿಂದಲೂ ಬೇಡ ಎಂದು ಸೂಚಿಸಿದೆ. ಅವರು ನನ್ನ ಕಡೆ ನೋಡಲಿಲ್ಲ.

ಮೇಡಂ ಹಾಡಿದರು. ನಿಜ ಹೇಳುತ್ತೇನೆ, ಸ್ವರ ಚೆನ್ನಾಗಿಯೇ ಇತ್ತು, ಗಂಟಲು ಮಾತ್ರ ಸ್ವಲ್ಪ ಒಡಕು. ಇಂಥ ಗಂಟಲಿನ ಮುಂದೆ ಈ ಸಾಫ್ಟ್‌ವೇರಿಗೆ ಒಂದು ಕೆಟ್ಟ ಚಾಳಿಯಿದೆ: ಕೆಲವು ಸಲ ಒಂದು ಸ್ಥಾಯಿ ಕೆಳಗೆ ಲೆಕ್ಕ ಹಾಕಿಬಿಡುತ್ತದೆ. ಇನ್ನೂರ ಎಂಟು ಎನ್ನಬೇಕಾದ ಕಡೆ ಅದರರ್ಧ ನೂರ ನಾಲ್ಕು ಎನ್ನುತ್ತದೆ. ನೂರ ನಾಲ್ಕು ಎಂದರೆ ಗಡಸು ಗಂಡಸಿನ ದನಿ.

ಕಿಟಕಿಯಲ್ಲಿ ಬಂದದ್ದು ಅದೇ. ನಮ್ಮವರ ಮುಖದ ಬಣ್ಣ ಹೋಯಿತು. ನನಗೆ ಕಣ್ಣ ಮುಂದೆ ಉಪ್ಪಿನ ಬಯಲು ಬೆಳ್ಳಗೆ ಹರಡಿಕೊಂಡಿತು. ಅಲ್ಲಿ ತರಕಾರಿ ಎಲ್ಲಿ ಸಿಗುತ್ತದೆ ಎಂದೂ ಯೋಚಿಸಿಯಾಯಿತು.

ಮೇಡಂ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು. "ಎಷ್ಟು ಬಂದಿದೆ? ನೂರ ನಾಲ್ಕಾ?"

ನಮ್ಮವರು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದರು.

"ನೂರಕ್ಕೆ ನೂರ ನಾಲ್ಕಾ?" ಎಂದು ಅವರು ಗಂಡನ ಕಡೆ ತಿರುಗಿದರು. "ನೋಡಿ, ನೀವು ಮನೆಯಲ್ಲಿ ಬಾಯಿ ಮುಚ್ಚು ಅಂತೀರಿ."

ನಾವಿಬ್ಬರೂ ಒಟ್ಟಿಗೆ ತಲೆಯಾಡಿಸಿದೆವು. ಆಗ ಸಾಹೇಬರು ಗಂಟಲು ಸರಿಮಾಡಿಕೊಂಡು ನಾನೂ ಒಂದು ಹಾಡುತ್ತೇನೆ ಎಂದರು. ಅವರದ್ದು ನಿಜವಾಗಿಯೂ ಕಂಚಿನ ಕಂಠ. ತೊಂಬತ್ತೆಂಟು ಬಂತು. ಮೇಡಂ ಅಂಕಿಯನ್ನು ಒಂದು ಸಲ ನೋಡಿ, ಅವರನ್ನು ಒಂದು ಸಲ ನೋಡಿ, ಪಾಯಸ ಇನ್ನೊಂದು ಬಟ್ಟಲು ಹಾಕಿಸಿಕೊಂಡರು.

ಹೊರಡುವಾಗ ಸಾಹೇಬರು ನಮ್ಮವರನ್ನು ಗೇಟಿನ ಹತ್ತಿರ ಪಕ್ಕಕ್ಕೆ ಕರೆದರು. ಅವರು ಹೇಳಿದ್ದು ಇಷ್ಟು: "ನನಗೆ ಇವತ್ತು ನೆಗಡಿ. ಮುಂದಿನ ವಾರ ಅವಳನ್ನ ಬಿಟ್ಟು ನಾನೊಬ್ಬನೇ ಬರ್ತೀನಿ. ಮರು ಮೌಲ್ಯಮಾಪನ ಮಾಡಿ."

ನನ್ನ ಕಿವಿ

ಅಹಮದಾಬಾದಿಗೆ ವರ್ಗವಾಯಿತು, ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಫ್ಲ್ಯಾಟು ಸಿಕ್ಕಿತು. ಹೊಸ ಮನೆಗೆ ಬಂದ ಖುಷಿಗೆ ನಮ್ಮವರು ನನಗೊಂದು ಹೊಸ ರೆಕಾರ್ಡರ್ ತಂದುಕೊಟ್ಟರು. ನಾನು ತಂಬೂರಿಯ ಶ್ರುತಿ ಕೇಳಲು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡಿ, ನನ್ನ ಅಭ್ಯಾಸವನ್ನೂ ಕಪ್ಪು ಕಿಟಕಿಗೆ ಕೊಟ್ಟೆ.

ನನ್ನ ಶ್ರುತಿ ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಐದೂವರೆ ಮನೆ. ಷಡ್ಜಕ್ಕೆ ಇನ್ನೂರ ಎಂಟರ ಆಸುಪಾಸು ಬರಬೇಕು. ನೂರ ತೊಂಬತ್ತೊಂದು ಬಂತು.

ಅರ್ಧ ಮನೆಗಿಂತ ಹೆಚ್ಚೇ ಇಳಿದಿದ್ದೆ. ಮತ್ತೆ ಹಾಡಿದೆ. ನೂರ ತೊಂಬತ್ತೊಂದು. ಮರುದಿನ ಬೆಳಗ್ಗೆ ಗಂಟಲಿಗೆ ಕಷಾಯ ಕುಡಿದು ಹಾಡಿದೆ. ಅದೇ. ಶಿಷ್ಯರ ಫೈಲುಗಳು ಮಾತ್ರ ಸರಿಯಾಗಿಯೇ ಬರುತ್ತಿದ್ದವು. ತಪ್ಪುತ್ತಿದ್ದವಳು ನಾನೊಬ್ಬಳು.

ಇಲ್ಲಿ ನಗುವಂಥದ್ದು ಏನೂ ಇರಲಿಲ್ಲ. ನನ್ನ ಗುರುಗಳಿಗೆ ಕೊನೆಗಾಲದಲ್ಲಿ ಕಿವಿ ಮಂದವಾಗಿತ್ತು. ಶ್ರುತಿ ಬಿಟ್ಟು ಹಾಡುತ್ತಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ನಾವು ಶಿಷ್ಯರೆಲ್ಲ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೆವೇ ಹೊರತು ಒಬ್ಬರೂ ಬಾಯಿ ಬಿಡಲಿಲ್ಲ. ಈಗ ನನ್ನ ಶಿಷ್ಯರೂ ಹಾಗೇ ತಲೆ ತಗ್ಗಿಸಿದ್ದಾರೆಯೇ? ಪಾಠಕ್ಕೆ ಬಂದ ಮಕ್ಕಳ ಮುಖ ನೋಡಿದೆ. ಎಲ್ಲರೂ ತಲೆ ತಗ್ಗಿಸಿಕೊಂಡೇ ಕೂತಿದ್ದರು. ಮಡಿಲಲ್ಲಿ ಫೋನ್ ಇಟ್ಟುಕೊಂಡಿದ್ದರೆಂಬುದು ಆಗ ನನಗೆ ಹೊಳೆಯಲಿಲ್ಲ.

ನೆಗಡಿಯೆಂದು ಹೇಳಿ ಪಾಠ ನಿಲ್ಲಿಸಿದೆ. ಒಗ್ಗರಣೆ ಹಾಕುವಾಗ ಗುನುಗುವುದೂ ನಿಂತಿತು. ನಮ್ಮವರು, "ಯಾಕೆ ಮನೆ ಇಷ್ಟು ನಿಶ್ಶಬ್ದ?" ಎಂದು ಕೇಳಿದರೆ, "ನಿಮಗೆ ಕೇಳಿಸ್ತಾ ಇದೆಯಲ್ಲ, ಪುಣ್ಯವಂತರು" ಎಂದುಬಿಟ್ಟೆ.

ಅವರಿಗೆ ಹೇಳದೆ ಆಟೋ ಹಿಡಿದು ಕಿವಿ ಡಾಕ್ಟರ ಹತ್ತಿರ ಹೋದೆ. ಪರೀಕ್ಷೆ ಮಾಡುವ ಹುಡುಗಿ ನನ್ನನ್ನು ಗಾಜಿನ ಗೂಡೊಂದರಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದಳು. ಸಣ್ಣ ಸಣ್ಣ ಸದ್ದುಗಳು ಬಂದವು. ನಾನು ಗುಂಡಿಯನ್ನೂ ಒತ್ತಿದೆ, ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳವನ್ನೂ ಹಾಕಿದೆ. ಒಂದು ಸದ್ದು ಬಂದಾಗ ಅನುಮಾನವಾಗಿ, "ಇದು ಸ್ವಲ್ಪ ಏರಿದೆಯಾ?" ಎಂದು ಕೇಳಿದೆ.

ಹುಡುಗಿ ಗಾಜಿನ ಆಚೆಯಿಂದ ಮೈಕಿನಲ್ಲಿ ಹೇಳಿದಳು. "ಆಂಟಿ, ಕೇಳಿಸಿತಾ ಇಲ್ಲವಾ ಅಷ್ಟೇ ಸಾಕು. ಚೆನ್ನಾಗಿತ್ತಾ ಅಂತ ನಾವು ಕೇಳ್ತಾ ಇಲ್ಲ."

ಡಾಕ್ಟರು ಕಾಗದ ನೋಡಿದರು. "ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ. ಹಾಳಾಗಿದೆ ಅಂತ ಯಾರು ಹೇಳಿದ್ದು?"

"ಕಂಪ್ಯೂಟರು."

"ಹಾಗಾದರೆ ಅದನ್ನೇ ಕರಕೊಂಡು ಬರಬೇಕಿತ್ತು."

ಮನೆಗೆ ಬರುವ ದಾರಿಯುದ್ದಕ್ಕೂ ಇನ್ನೊಂದು ಹೊಸ ಭಯ. ಕಿವಿ ಸರಿಯಿದೆ, ಶ್ರುತಿ ತಪ್ಪುತ್ತಿದೆ. ಹಾಗಾದರೆ ಕೆಟ್ಟಿರುವುದು ತಲೆಯೇ? ಬಾಗಿಲಲ್ಲಿ ನಮ್ಮವರನ್ನು ಕಂಡದ್ದೇ ಅಳು ಬಂತು. ಎಲ್ಲ ಹೇಳಿದೆ. ಅವರು ಲ್ಯಾಪ್‌ಟಾಪ್ ತೆಗೆದು, ನನಗಾಗಿ ತಾವೇ ಬರೆದುಕೊಟ್ಟಿದ್ದ ಆಜ್ಞೆಯನ್ನು ಓದಿದರು. ಓದುತ್ತ ಓದುತ್ತ ಅವರ ಕಿವಿ ಕೆಂಪಾಯಿತು.

"ಹಳೇ ರೆಕಾರ್ಡರು, ನಿನ್ನ ಶಿಷ್ಯರ ಫೋನುಗಳ ಹಾಗೇ, ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಸಲ ಸದ್ದನ್ನ ಅಳೀತಿತ್ತು. ಹೊಸದು ನಲವತ್ತೆಂಟು ಸಾವಿರ. ನಾನು ಆಜ್ಞೆಯಲ್ಲಿ ಹಳೇ ಅಂಕಿನೇ ಬಿಟ್ಟಿದೀನಿ."

"ಅಂದರೆ?"

"ಕ್ಯಾಸೆಟ್ ನಿಧಾನಕ್ಕೆ ಓಡಿದರೆ ದನಿ ದಪ್ಪ ಆಗ್ತಿತ್ತಲ್ಲ, ಹಾಗೆ. ನಿನ್ನ ಹಾಡನ್ನ ಅದು ನಿಧಾನ ಮಾಡಿ ಓದ್ತಾ ಇತ್ತು." ಅಂಕಿ ತಿದ್ದಿ ಎಂಟರ್ ಒತ್ತಿದರು. ಇನ್ನೂರ ಎಂಟು.

ನಾನು ಸೋಫಾದ ಮೇಲೆ ಕುಸಿದು ಕೂತೆ. ಅವರು ತಲೆ ಕೆರೆದುಕೊಳ್ಳುತ್ತ, "ನಿಂದೇನೂ ತಪ್ಪಿಲ್ಲ, ತಪ್ಪು ನಂದೇ" ಎಂದರು. ಮದುವೆಯಾದಾಗಿನಿಂದ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ದುರದೃಷ್ಟವೆಂದರೆ ಎರಡು ರೆಕಾರ್ಡರುಗಳಿದ್ದ ಮನೆಯಲ್ಲಿ ಆಗ ಒಂದೂ ಆನ್ ಆಗಿರಲಿಲ್ಲ.

ಪರದೆಯ ಹಿಂದೆ ಯಾರು

ಮುಂದೆ ಊರಿನ ಕನ್ನಡದವರೆಲ್ಲ ಸೇರಿ ಒಂದು ಸಮಾರಂಭ ಮಾಡಿ ನನ್ನ ಕಛೇರಿ ಇಟ್ಟುಕೊಂಡರು. ಶಾಲೆಯೊಂದರ ಸಭಾಂಗಣ. ಮೃದಂಗಕ್ಕೆ ಬ್ಯಾಂಕಿನ ಅಧಿಕಾರಿಯೊಬ್ಬರು. ಪಿಟೀಲಿನವರು ವಡೋದರಾದಿಂದ ಬರಬೇಕಿತ್ತು, ದಾರಿಯಲ್ಲಿ ಕಾರು ಕೆಟ್ಟು ನಿಂತಿತು. ಪಿಟೀಲಿಲ್ಲದೆ ಹಾಡಬೇಕಲ್ಲ ಎಂದು ನನಗೆ ಮೊದಲೇ ಭಯವಿತ್ತು.

ನಮ್ಮವರು ವೇದಿಕೆಯ ಪಕ್ಕದ ಪರದೆಯ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ರೆಕಾರ್ಡಿಂಗ್ ಅವರ ಜವಾಬ್ದಾರಿ. ಜೊತೆಗೆ, ನಾನು ಹಾಡುತ್ತಿರುವಾಗಲೇ ಶ್ರುತಿ ನೋಡಬೇಕೆಂಬ ಆಸೆ. ಆ ಸಾಫ್ಟ್‌ವೇರಿಗೆ ಇನ್ನೊಂದು ಕಲೆಯೂ ಇತ್ತು. ಕಂಡುಹಿಡಿದ ಶ್ರುತಿಯನ್ನು ಅಂಕಿಯಲ್ಲಿ ತೋರಿಸುವುದಲ್ಲದೆ, ಅದೇ ಸ್ವರವನ್ನು ಸಿಳ್ಳೆಯಂಥ ದನಿಯಲ್ಲಿ ನುಡಿಸಿಯೂ ತೋರಿಸುತ್ತಿತ್ತು. ಅದನ್ನು ತಮ್ಮ ಹೆಡ್‌ಫೋನಿನಲ್ಲಿ ಕೇಳಿಕೊಳ್ಳೋಣವೆಂದು ಅವರು ಎಣಿಸಿದ್ದರು. ಲ್ಯಾಪ್‌ಟಾಪಿನ ದನಿ ಹೊರಡುವ ವೈರನ್ನು ಮಾತ್ರ ಸಭಾಂಗಣದ ಸ್ಪೀಕರಿಗೆ ಹೋಗುವ ತೂತಿಗೆ ಸಿಕ್ಕಿಸಿದ್ದರು.

ವರ್ಣ ಶುರುಮಾಡಿದೆ. ಎರಡನೇ ಸಾಲಿಗೆ ಎಲ್ಲಿಂದಲೋ ಒಂದು ಸಣ್ಣ ದನಿ ಎದ್ದಿತು. ನಾನು ಗಾಂಧಾರ ಹಿಡಿದರೆ ಅದೂ ಗಾಂಧಾರ ಹಿಡಿಯಿತು. ನಾನು ನಿಲ್ಲಿಸಿದೆ. ಅದು ಒಂದು ಚೂರು ತಡವಾಗಿ ನಿಲ್ಲಿಸಿತು. ಸಣ್ಣಗೆ ಕೆಮ್ಮಿದೆ. ಎಲ್ಲಿಂದಲೋ 'ಪೀಂಕ್' ಎಂದಿತು.

ಮೃದಂಗದವರು ನುಡಿಸುತ್ತಲೇ ನನ್ನ ಕಡೆ ಬಾಗಿ, "ಯಾರು ಮೇಡಂ ಅದು?" ಎಂದು ಪಿಸುಗುಟ್ಟಿದರು. ಅವರ ಹಣೆಯಲ್ಲೂ ಬೆವರು.

"ಗೊತ್ತಿಲ್ಲ. ನಿಲ್ಲಿಸಬೇಡಿ."

ಆಮೇಲೆ ನಾನು ಹಾಡಿದ್ದು ಸಂಗೀತವಲ್ಲ, ಓಟ. ಮೇಲೆ ಹೋದರೆ ಅದು ಹಿಮ್ಮಡಿ ತುಳಿಯುತ್ತ ಮೇಲೆ ಬಂತು. ಕೆಳಗೆ ಇಳಿದರೆ ಕೆಳಗೆ ಇಳಿಯಿತು. ಆಲಾಪನೆಯಲ್ಲಿ ಹಾಗೆ ಹೊರಳಿ ಹೀಗೆ ಹೊರಳಿ, ಒಂದು ಸ್ವರ ಹಿಡಿದಂತೆ ಮಾಡಿ ಇನ್ನೊಂದಕ್ಕೆ ಹಾರಿ ನೋಡಿದೆ. ಬಿಡಲಿಲ್ಲ. ಕಣ್ಣು ಮುಚ್ಚಿದರೆ ಕತ್ತಲಲ್ಲಿ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ, ತೆರೆದರೆ ಎದುರಿಗೆ ಸಭಿಕರು ತಲೆದೂಗುತ್ತಿರುವ ಹಾಗೆ. ಮೃದಂಗದವರನ್ನು ಒಬ್ಬರೇ ನುಡಿಸುವ ತನಿ ಆವರ್ತನಕ್ಕೆ ಬಿಟ್ಟು ನಾನು ಉಸಿರೆಳೆದುಕೊಂಡರೆ, ಅದು ನನ್ನನ್ನು ಬಿಟ್ಟು ಮೃದಂಗದ ಬೆನ್ನು ಹತ್ತಿತು. ಏಟಿಗೊಂದು ಸ್ವರದಂತೆ 'ಕೀ ಕೂ ಕೀ' ಎಂದು ಕುಪ್ಪಳಿಸಿತು. ಬ್ಯಾಂಕಿನವರು ಪ್ರಾಣಭಯದಿಂದ ನುಡಿಸಿದರು. ಅಷ್ಟು ಚೆನ್ನಾಗಿ ಅವರು ಹಿಂದೆಂದೂ ನುಡಿಸಿರಲಿಲ್ಲ. ಚಪ್ಪಾಳೆ ಮೊಳಗಿತು.

ನಮ್ಮವರಿಗೆ ಇದು ಯಾವುದೂ ಗೊತ್ತಿಲ್ಲ. ದಪ್ಪನೆಯ ಹೆಡ್‌ಫೋನಿನಲ್ಲಿ ಏನೂ ಕೇಳಿಸುತ್ತಿಲ್ಲವಲ್ಲ ಎಂದು ಅವರು ವಾಲ್ಯೂಮ್ ಏರಿಸುತ್ತಲೇ ಇದ್ದರು. ಮಂಗಳ ಹಾಡುವ ಹೊತ್ತಿಗೆ ನನಗಿಂತ ಅದರ ದನಿಯೇ ದೊಡ್ಡದಾಗಿತ್ತು.

ಅಧ್ಯಕ್ಷರು ವಂದನಾರ್ಪಣೆಗೆ ಎದ್ದರು. "ಪಿಟೀಲು ಇಲ್ಲದ ಕೊರತೆಯನ್ನು ಪರದೆಯ ಹಿಂದೆ ಕುಳಿತ ಕೊಳಲು ವಿದ್ವಾಂಸರು ತುಂಬಿಕೊಟ್ಟಿದ್ದಾರೆ. ಮುಖ ಕೂಡ ತೋರಿಸದ ಅವರ ವಿನಯ ದೊಡ್ಡದು. ದಯವಿಟ್ಟು ವೇದಿಕೆಗೆ ಬರಬೇಕು."

ಯಾರೋ ಪರದೆ ಸರಿಸಿದರು. ನಮ್ಮವರು ಕತ್ತಿಗೆ ಹೆಡ್‌ಫೋನ್ ಇಳಿಸಿಕೊಂಡು, ರೆಕಾರ್ಡಿಂಗ್ ಮಾಡಿದ್ದಕ್ಕೆ ಸನ್ಮಾನ ಎಂದು ತಿಳಿದು, ನಾಚುತ್ತ ಬಂದು ಶಾಲು ಹೊದೆಸಿಕೊಂಡರು. ಹಣ್ಣಿನ ಬುಟ್ಟಿಯನ್ನೂ ಸ್ವೀಕರಿಸಿದರು. "ಇದೇನು ದೊಡ್ಡ ಕೆಲಸ ಅಲ್ಲ. ಎಲ್ಲಾ ಅದೇ ಮಾಡಿಕೊಳ್ಳತ್ತೆ, ನಾನು ಸುಮ್ಮನೆ ಕೂತಿರ್ತೀನಿ ಅಷ್ಟೇ" ಎಂದು ಮೈಕಿನಲ್ಲಿ ಹೇಳಿದರು. ಅದು ಮಹಾ ಸಾಧಕರ ಮಾತು ಎಂದು ಸಭೆಯಲ್ಲಿ ಮತ್ತೊಮ್ಮೆ ಚಪ್ಪಾಳೆ ಬಿತ್ತು.

ನಾನು ವೇದಿಕೆ ಇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಧಾರವಾಡ ಕಡೆಯ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. ಸಮಾಧಾನ ಹೇಳುತ್ತಾರೇನೋ ಎಂದುಕೊಂಡೆ.

"ಕೊಳಲಿನವರು ಭಾಳ ತಾಳ್ಮಿಯವರು ನೋಡವಾ" ಎಂದರು. "ನೀ ಎಷ್ಟು ಸಲ ತಪ್ಪಿಸಿಕೊಂಡು ಓಡಾಕ ನೋಡಿದಿ, ಪಾಪ, ಅವರು ಒಂದು ಸಲನೂ ನಿನ್ನ ಕೈ ಬಿಡಲಿಲ್ಲ."